ಫೈಲಿಗೆ ಬೀಗ ಹಾಕಬಹುದು, ವಿಳಾಸ ಬದಲಿಸಬಾರದು

ಕಾಸರಗೋಡಿನ ಕಡೆಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ನನ್ನ ಕೆಲಸ. ಪುಸ್ತಕದ ಕೆಲಸದ ಜೊತೆಗೆ ಕಾಲೇಜಿನ ಡಿಜಿಟಲ್ ರಿಪಾಸಿಟರಿಯನ್ನೂ ನಾನೇ ನೋಡಿಕೊಳ್ಳುತ್ತೇನೆ. ಅಧ್ಯಾಪಕರ ಲೇಖನ, ಎಂಎ ವಿದ್ಯಾರ್ಥಿಗಳ ಕಿರುಪ್ರಬಂಧ, ಪಿಎಚ್‌ಡಿ ಮಾಡುವವರು ಊರೂರು ಸುತ್ತಿ ತಂದ ರೆಕಾರ್ಡಿಂಗು, ಹಳೆಯ ಸ್ಮರಣ ಸಂಚಿಕೆಗಳ ಸ್ಕ್ಯಾನು, ಎಲ್ಲ ಅದರಲ್ಲಿವೆ.

ನಮ್ಮ ಗಡಿಭಾಗದ ಕನ್ನಡ ಸಂಶೋಧನೆಗೆ ಒಂದು ತೊಂದರೆ ಇದೆ. ಕೆಲಸ ಆಗಿರುತ್ತದೆ, ಆದರೆ ಹುಡುಕಿದರೆ ಸಿಗುವುದಿಲ್ಲ. ಬೆಂಗಳೂರು, ಮೈಸೂರಿನವರ ಕಣ್ಣಿಗೆ ಅದು ಬೀಳುವುದೇ ಕಡಿಮೆ. ಇಲ್ಲಿನ ಮಲಯಾಳಂ ಓದುಗರಿಗೆ ಅದರ ಹೆಸರೇ ಗೊತ್ತಿರುವುದಿಲ್ಲ. ಕೊನೆಗೆ ಉಳಿಯುವುದು ಯಾರದೋ ಪ್ರಬಂಧದ ಅಡಿಟಿಪ್ಪಣಿಯಲ್ಲಿ ಕೊಟ್ಟ ಒಂದು ಲಿಂಕ್ ಮಾತ್ರ. ಆ ಲಿಂಕ್ ಸತ್ತರೆ ಆ ಕೆಲಸವೂ ಕೈಬಿಟ್ಟು ಹೋದ ಹಾಗೆ. ಅದಕ್ಕೇ ನನಗೆ ಈ ವಿಷಯದಲ್ಲಿ ಇಷ್ಟು ಹಠ.

ರಿಪಾಸಿಟರಿ ನಡೆಸುವವರು ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು. ಒಂದು, ಈ ಕೃತಿಯ ಶಾಶ್ವತ ವಿಳಾಸ ಯಾವುದು? ಇನ್ನೊಂದು, ಇದರ ಫೈಲನ್ನು ಯಾರು ತೆರೆಯಬಹುದು? ಮೊದಲನೆಯದಕ್ಕೆ ಉತ್ತರ ಒಂದೇ ಸಲ, ಆಮೇಲೆ ಬದಲಾಗಬಾರದು. ಎರಡನೆಯದಕ್ಕೆ ಉತ್ತರ ಕಾಲಕ್ಕೆ ತಕ್ಕ ಹಾಗೆ ಬದಲಾಗಬಹುದು. ಬಹಳ ಕಡೆ ಇವೆರಡನ್ನೂ ಕಲಸಿಬಿಡುತ್ತಾರೆ. ಫೈಲ್ ಗುಟ್ಟಾಗಿರಬೇಕು ಎಂದು ಇಡೀ ಪುಟವನ್ನೇ ಅಡಗಿಸುತ್ತಾರೆ. ಪುಟ ಅಡಗಿದರೆ ಅಂಥ ಕೆಲಸ ಆಗಿದೆ ಎಂಬುದೇ ಯಾರಿಗೂ ತಿಳಿಯುವುದಿಲ್ಲ. ಶೀರ್ಷಿಕೆ, ಲೇಖಕರು, ವರ್ಷ, ಸಾರಾಂಶ ಇರುವ ಪುಟ ಎಲ್ಲರಿಗೂ ಕಾಣಬೇಕು. ಫೈಲಿಗೆ ಬೇಕಾದರೆ ಬೀಗ ಇರಲಿ.

ಇಲ್ಲಿ ಹೇಳುವುದೆಲ್ಲ ಡಿಸ್ಪೇಸ್ ಸಾಫ್ಟ್‌ವೇರ್ ಬಳಸುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು. ಎಂಐಟಿ ಮತ್ತು ಎಚ್‌ಪಿ ಸೇರಿ 2002ರಲ್ಲಿ ಹೊರತಂದ ಉಚಿತ ಸಾಫ್ಟ್‌ವೇರ್ ಅದು. ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾ ಎಂಬ ಪಿಎಚ್‌ಡಿ ಪ್ರಬಂಧಗಳ ಭಂಡಾರ ಕೂಡ ಅದರ ಮೇಲೆಯೇ ನಡೆಯುತ್ತಿದೆ. ನಮ್ಮ ಕಡೆಯ ಹೆಚ್ಚಿನ ಕಾಲೇಜುಗಳಿಗೆ ಪರಿಚಯ ಇರುವುದೂ ಅದೇ.

ಮೊದಲು ವಿಳಾಸ ಗಟ್ಟಿ ಮಾಡಿಕೊಳ್ಳಿ

ಹಳೆಯ ಪ್ರಬಂಧಗಳ ಗ್ರಂಥಋಣ ತೆಗೆದು ನೋಡಿ. ಐಪಿ ಅಡ್ರೆಸ್, ಅದರ ಪಕ್ಕ 8080, ಆಮೇಲೆ ಜೆಎಸ್‌ಪಿಯುಐ ಎಂದು ಬರೆದ ಲಿಂಕ್‌ಗಳು ಸಾಲುಸಾಲಾಗಿ ಸಿಗುತ್ತವೆ. ಅವುಗಳಲ್ಲಿ ಎಷ್ಟೋ ಇವತ್ತು ತೆರೆಯುವುದಿಲ್ಲ. ಸರ್ವರ್ ಬದಲಾಯಿತು, ಐಪಿ ಬದಲಾಯಿತು. 2021ರಲ್ಲಿ ಡಿಸ್ಪೇಸ್ 7 ಬಂದಾಗ ಜೆಎಸ್‌ಪಿಯುಐ ಎಂಬ ಹಳೆಯ ಮುಖವನ್ನೇ ಕೈಬಿಟ್ಟರು. ಆ ಲಿಂಕ್ ಕೊಟ್ಟ ವಿದ್ಯಾರ್ಥಿಯ ತಪ್ಪು ಇದರಲ್ಲಿ ಏನೂ ಇಲ್ಲ. ಬ್ರೌಸರಿನ ಮೇಲೆ ಕಂಡದ್ದನ್ನು ಅವನು ನಕಲು ಮಾಡಿದ. ನಕಲು ಮಾಡಬೇಕಾದ ಲಿಂಕ್ ಯಾವುದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಇದಕ್ಕೆ ಪರಿಹಾರವೇ ಹ್ಯಾಂಡಲ್ ಎಂಬ ಶಾಶ್ವತ ಗುರುತು. ಮೊಬೈಲ್ ನಂಬರ್ ಪೋರ್ಟ್ ಮಾಡಿದ ಹಾಗೆ ಇದು. ಕಂಪನಿ ಬದಲಾದರೂ ನಂಬರ್ ಅದೇ. ಹ್ಯಾಂಡಲ್‌ಗೆ ಎರಡು ಭಾಗ. ನಡುವಿನ ಓರೆಗೆರೆಯ (/) ಎಡಕ್ಕೆ ಸಂಸ್ಥೆಯ ಗುರುತಿನ ಅಂಕಿ, ಅಂದರೆ ಪ್ರಿಫಿಕ್ಸ್, ಬಲಕ್ಕೆ ಆ ಕೃತಿಯ ಸಂಖ್ಯೆ. ಶೋಧಗಂಗಾದ ಪ್ರಿಫಿಕ್ಸ್ 10603. ಅಲ್ಲಿನ ಪ್ರತಿ ಪ್ರಬಂಧದ ಹ್ಯಾಂಡಲ್ ಶುರುವಾಗುವುದೇ ಆ ಅಂಕಿಯಿಂದ. ಓದುಗ ಆ ಲಿಂಕ್ ಒತ್ತಿದಾಗ ಮೊದಲು ಹ್ಯಾಂಡಲ್ ವ್ಯವಸ್ಥೆಗೆ ಹೋಗುತ್ತದೆ. ಅದು 'ಈಗ ಈ ಕೃತಿ ಎಲ್ಲಿದೆ' ಎಂದು ನೋಡಿ ಅಲ್ಲಿಗೆ ಕಳಿಸುತ್ತದೆ. ನೀವು ಸರ್ವರ್ ಬದಲಿಸಿದರೆ ಹ್ಯಾಂಡಲ್ ವ್ಯವಸ್ಥೆಗೆ ಹೊಸ ಜಾಗ ತಿಳಿಸಿದರೆ ಸಾಕು. ಹತ್ತು ವರ್ಷದ ಹಿಂದಿನ ಅಡಿಟಿಪ್ಪಣಿಯೂ ಸರಿಯಾದ ಜಾಗಕ್ಕೇ ತಲುಪುತ್ತದೆ.

ಡಿಸ್ಪೇಸ್ ಹಾಕಿದ ಕೂಡಲೇ ಅದು ತಾನಾಗಿಯೇ ಹ್ಯಾಂಡಲ್ ಕೊಡಲು ಶುರು ಮಾಡುತ್ತದೆ. ಅದು ಕೊಡುವ ಪ್ರಿಫಿಕ್ಸ್ 123456789. ಇದು ಸುಮ್ನೆ ಜಾಗ ತುಂಬಿಸಲು ಇಟ್ಟ ಅಂಕಿ, ಯಾರದ್ದೂ ಅಲ್ಲ. ಇದನ್ನು ಬದಲಿಸದೆ ವರ್ಷಗಟ್ಟಲೆ ನಡೆಸುವ ರಿಪಾಸಿಟರಿಗಳು ನಮ್ಮ ದೇಶದಲ್ಲಿ ಬಹಳ ಇವೆ. ಈ ಅಂಕಿಯ ಹ್ಯಾಂಡಲ್ ನೋಡಲು ಶಾಶ್ವತ ವಿಳಾಸದ ಹಾಗೆಯೇ ಇರುತ್ತದೆ, ಆದರೆ ಹ್ಯಾಂಡಲ್ ವ್ಯವಸ್ಥೆಯ ಮೂಲಕ ಎಲ್ಲಿಗೂ ತಲುಪುವುದಿಲ್ಲ. ನಿಮ್ಮ ರಿಪಾಸಿಟರಿಯ ಯಾವುದಾದರೂ ಒಂದು ಪುಟ ತೆರೆದು ಯುಆರ್‌ಐ ಎಂಬ ಸಾಲಿನಲ್ಲಿ ಈ ಅಂಕಿ ಇದೆಯೇ ಎಂದು ಈಗಲೇ ನೋಡಿ. ಇದ್ದರೆ ಬೇರೆ ಎಲ್ಲ ಕೆಲಸ ಬದಿಗಿಟ್ಟು ಇದನ್ನು ಸರಿ ಮಾಡಿ.

ಮಾಡುವುದು ಹೀಗೆ. ಸರ್ವರಿನಲ್ಲಿ ಹ್ಯಾಂಡಲ್ ಸರ್ವರನ್ನು ಸಿದ್ಧ ಮಾಡುವ ಆಜ್ಞೆ ಕೊಟ್ಟರೆ ಒಂದು ಜಿಪ್ ಫೈಲ್ ಸಿಗುತ್ತದೆ. ಅದನ್ನು ಹ್ಯಾಂಡಲ್ ಡಾಟ್ ನೆಟ್ ರಿಜಿಸ್ಟ್ರಿಗೆ ಕೊಟ್ಟು ನೋಂದಾಯಿಸಿಕೊಳ್ಳಬೇಕು. ಇದನ್ನು ನಡೆಸುವುದು ಅಮೆರಿಕದ ಸಿಎನ್‌ಆರ್‌ಐ ಎಂಬ ಸಂಸ್ಥೆ. ಅವರು ನಿಮ್ಮದೇ ಪ್ರಿಫಿಕ್ಸ್ ಕೊಡುತ್ತಾರೆ. ಅದನ್ನು ಡಿಸ್ಪೇಸ್‌ನ ಸೆಟ್ಟಿಂಗ್‌ನಲ್ಲೂ ಹ್ಯಾಂಡಲ್ ಸರ್ವರಿನ ಸೆಟ್ಟಿಂಗ್‌ನಲ್ಲೂ ಬರೆಯಬೇಕು. ಆಮೇಲೆ ಈಗಾಗಲೇ ಕೊಟ್ಟ ಹಳೆಯ ಹ್ಯಾಂಡಲ್‌ಗಳ ಪ್ರಿಫಿಕ್ಸ್ ಬದಲಿಸುವ ಆಜ್ಞೆಯೂ ಡಿಸ್ಪೇಸ್‌ನಲ್ಲೇ ಇದೆ. ಅದನ್ನು ಓಡಿಸುವ ಮೊದಲು ಡೇಟಾಬೇಸಿನ ಬ್ಯಾಕಪ್ ತೆಗೆಯಿರಿ, ಮುಗಿದ ಮೇಲೆ ಹುಡುಕಾಟದ ಇಂಡೆಕ್ಸನ್ನು ಹೊಸದಾಗಿ ಕಟ್ಟಿ.

ಎರಡು ಅಡ್ಡಿ ಬರಬಹುದು. ಸರ್ವರಿಗೆ ಹೊರಗಿನಿಂದ ತಲುಪಬಹುದಾದ ಸ್ಥಿರ ಐಪಿ ಬೇಕು, ಫೈರ್‌ವಾಲಿನಲ್ಲಿ 2641 ಎಂಬ ಪೋರ್ಟ್ ತೆರೆದಿರಬೇಕು. ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಇದನ್ನು ಬರವಣಿಗೆಯಲ್ಲೇ ಕೊಡಿ. ಬಾಯಲ್ಲಿ ಹೇಳಿದ್ದು ಮುಂದಿನ ಸಲ ಫೈರ್‌ವಾಲ್ ಬದಲಿಸುವಾಗ ಮರೆತುಹೋಗುತ್ತದೆ. ಇನ್ನೊಂದು ಹಣದ ವಿಷಯ. ಶುಲ್ಕ ಜಾಸ್ತಿಯೇನೂ ಇಲ್ಲ, ಆದರೆ ವರ್ಷವರ್ಷವೂ ಡಾಲರಿನಲ್ಲಿ ಕಟ್ಟಬೇಕು. ಸರಕಾರಿ ಕಾಲೇಜಿನ ಆಫೀಸಿನಲ್ಲಿ ಡಾಲರಿನ ಬಿಲ್ ಪಾಸು ಮಾಡಿಸುವುದು ಎಷ್ಟು ಓಡಾಟ ಎಂದು ಗೊತ್ತಿರುವವರಿಗೆ ಗೊತ್ತು. ಮೊದಲ ವರ್ಷವೇ ಇದನ್ನು ಪ್ರತಿವರ್ಷದ ಖರ್ಚು ಎಂದು ಬಜೆಟ್ಟಿನಲ್ಲಿ ಸೇರಿಸಿ, ಗ್ರಂಥಾಲಯ ಸಮಿತಿಯ ನಿರ್ಣಯ ಮಾಡಿಸಿಕೊಳ್ಳಿ.

ಅಷ್ಟೂ ಸಾಧ್ಯವಿಲ್ಲದ ಸಣ್ಣ ಕಾಲೇಜುಗಳಿಗೆ ಬೇರೆ ದಾರಿ ಇದೆ. ಆರ್ಕ್ ಎಂಬ ಗುರುತು ವ್ಯವಸ್ಥೆ 2001ರಿಂದ ಇದೆ. ಅದಕ್ಕೆ ಶುಲ್ಕ ಇಲ್ಲ. ಸಂಸ್ಥೆಯ ಹೆಸರಿನಲ್ಲಿ ಅರ್ಜಿ ಹಾಕಿದರೆ ನಿಮ್ಮದೇ ಒಂದು ಸಂಖ್ಯೆ ಕೊಡುತ್ತಾರೆ. ಸರ್ವರೇ ಇಲ್ಲದವರು ಝೆನೋಡೊ ಬಳಸಬಹುದು. ಯುರೋಪಿನ ಸರ್ನ್ 2013ರಿಂದ ನಡೆಸುತ್ತಿರುವ ಉಚಿತ ಭಂಡಾರ ಅದು, ಪ್ರತಿ ಕೃತಿಗೂ ಡಿಒಐ ಎಂಬ ಶಾಶ್ವತ ಗುರುತು ಕೊಡುತ್ತದೆ. ನಿಮ್ಮ ಹೆಸರಿನ ಸರ್ವರ್ ಇರಬೇಕು ಎಂಬ ಹೆಮ್ಮೆಗಿಂತ ಕೃತಿ ಉಳಿಯುವುದು ದೊಡ್ಡದು, ಅಲ್ವಾ?

ಡಿಒಐ ಯಾವಾಗ ಬೇಕು, ಯಾವಾಗ ಬೇಡ

ಅಧ್ಯಾಪಕರು ಬಂದು ಕೇಳುವುದು ಹೆಚ್ಚಾಗಿ ಡಿಒಐಯನ್ನೇ. ಅದೂ ಒಂದು ಬಗೆಯ ಹ್ಯಾಂಡಲ್. 10ರಿಂದ ಶುರುವಾಗುತ್ತದೆ. ಪತ್ರಿಕೆಗಳಲ್ಲಿ ಬರುವ ಲೇಖನಗಳ ಡಿಒಐ ಹೆಚ್ಚಾಗಿ ಕ್ರಾಸ್‌ರೆಫ್ ಮೂಲಕ ಬರುತ್ತದೆ, ಡೇಟಾ ಮತ್ತು ರಿಪಾಸಿಟರಿ ಕಡೆಯದ್ದು ಹೆಚ್ಚಾಗಿ ಡೇಟಾಸೈಟ್ ಮೂಲಕ. ಎರಡೂ ಡಿಒಐ ನೋಂದಾಯಿಸುವ ಸಂಸ್ಥೆಗಳು.

ನನ್ನ ಅಭಿಪ್ರಾಯ ಇಷ್ಟೇ: ಈಗಾಗಲೇ ಡಿಒಐ ಇರುವ ಕೃತಿಗೆ ಇನ್ನೊಂದು ಮಾಡಿಸಬೇಡಿ. ಲೇಖನ ಪತ್ರಿಕೆಯಲ್ಲಿ ಬಂದಿದೆ, ಅದರ ಒಪ್ಪಿಗೆಯಾದ ಕರಡನ್ನು ನೀವು ರಿಪಾಸಿಟರಿಯಲ್ಲಿ ಇಡುತ್ತೀರಿ ಎಂದುಕೊಳ್ಳಿ. ನಿಮ್ಮ ಪುಟಕ್ಕೆ ನಿಮ್ಮ ಹ್ಯಾಂಡಲ್ ಇರಲಿ. ಪತ್ರಿಕೆಯ ಡಿಒಐಯನ್ನು ಅದೇ ಪುಟದಲ್ಲಿ ಬೇರೆ ಸಾಲಿನಲ್ಲಿ ಬರೆಯಿರಿ. ಒಂದೇ ಲೇಖನಕ್ಕೆ ಎರಡು ಡಿಒಐ ಆದರೆ ಉಲ್ಲೇಖಗಳು ಹಂಚಿಹೋಗುತ್ತವೆ. ಪಿಎಚ್‌ಡಿ ಪ್ರಬಂಧ ಶೋಧಗಂಗಾದಲ್ಲಿ ಇದ್ದರೂ ಹೀಗೆಯೇ ಮಾಡಿ, ಅಲ್ಲಿನ ಹ್ಯಾಂಡಲನ್ನು ನಿಮ್ಮ ಪುಟದಲ್ಲಿ ತೋರಿಸಿ.

ಡಿಒಐ ನಿಜವಾಗಿ ಬೇಕಾಗುವುದು ಬೇರೆಲ್ಲೂ ಪ್ರಕಟವಾಗದ ವಸ್ತುಗಳಿಗೆ. ಮಂಜೇಶ್ವರ ತಾಲೂಕಿನ ಸುರಂಗಗಳನ್ನು ಅಳೆದು ಮಾಡಿದ ಒಂದು ಪಟ್ಟಿ ಇದೆ ಎನ್ನಿ. ಗುಡ್ಡದ ಒಳಗೆ ಅಡ್ಡಕ್ಕೆ ಕೊರೆದು ನೀರು ತರುವ ನಮ್ಮ ಕಡೆಯ ಸುರಂಗದ ಬಗ್ಗೆ ಹೊರಗಿನ ಸಂಶೋಧಕರಿಗೂ ಆಸಕ್ತಿ ಇದೆ. ಆ ಪಟ್ಟಿಗೆ ಡಿಒಐ ಇದ್ದರೆ ಯಾವ ದೇಶದವರೂ ಅದನ್ನು ಸರಿಯಾಗಿ ಉಲ್ಲೇಖಿಸಬಹುದು. ಕಷ್ಟಪಟ್ಟು ಗುಡ್ಡ ಹತ್ತಿದವರಿಗೆ ಹೆಸರು ಸಿಗುತ್ತದೆ.

ಡಿಒಐ ಮಾಡುವಾಗ ಗಮನ ಇಡಬೇಕಾದ ಸಂಗತಿ ಒಂದಿದೆ. ಡೇಟಾಸೈಟ್‌ನಲ್ಲಿ ಡ್ರಾಫ್ಟ್ ಎಂಬ ಹಂತದಲ್ಲಿ ಇರುವ ತನಕ ಅಳಿಸಬಹುದು. ಒಮ್ಮೆ ನೋಂದಣಿಯಾದ ಮೇಲೆ ಅಳಿಸಲು ಬರುವುದಿಲ್ಲ. ಅದು ತೋರಿಸುವ ವಿಳಾಸ ಬದಲಿಸಬಹುದು, ಮಾಹಿತಿ ತಿದ್ದಬಹುದು, ಹುಡುಕಾಟದಿಂದ ಮರೆ ಮಾಡಬಹುದು, ಅಷ್ಟೇ. ಹಾಗಾಗಿ ಲೇಖಕರು ಕೊನೆಯ ಪ್ರೂಫ್ ನೋಡಿ ಸರಿ ಎಂದ ಮೇಲೆಯೇ ನೋಂದಣಿ ಒತ್ತಿ. ಡಿಒಐ ಹೋಗಿ ನಿಲ್ಲಬೇಕಾದದ್ದು ಕೃತಿಯ ಪುಟಕ್ಕೆ, ನೇರ ಪಿಡಿಎಫ್‌ಗೆ ಕೊಡಬೇಡಿ. ಪಿಡಿಎಫ್‌ಗೆ ಬೀಗ ಬಿದ್ದ ದಿನ ಓದುಗನಿಗೆ ಬರೀ ಎರರ್ ಕಾಣುತ್ತದೆ. ಪುಟಕ್ಕೆ ಬಂದರೆ 'ಇದು ಇಂಥ ದಿನ ತೆರೆಯುತ್ತದೆ' ಎಂದಾದರೂ ತಿಳಿಯುತ್ತದೆ.

ಸಂಖ್ಯೆಯಲ್ಲಿ ಅರ್ಥ ತುರುಕಬೇಡಿ. ವಿಭಾಗದ ಹೆಸರು, ವರ್ಷ, ಗೈಡಿನ ಇನಿಷಿಯಲ್ ಎಲ್ಲ ಸೇರಿಸಿ ಚಂದ ಮಾಡಲು ಕೆಲವರು ಹೊರಡುತ್ತಾರೆ. ವಿಭಾಗದ ಹೆಸರು ಬದಲಾಗುತ್ತದೆ, ಗುರುತು ಬದಲಾಗುವ ಹಾಗಿಲ್ಲ. ಬರೀ ಅಂಕಿ ಸಾಕು.

ತಿದ್ದಿದ ಆವೃತ್ತಿ ಬಂದರೆ ಹಳೆಯ ಫೈಲನ್ನು ತೆಗೆದು ಅದೇ ಜಾಗಕ್ಕೆ ಹೊಸದನ್ನು ಹಾಕಬಾರದು. ಹಳೆಯದನ್ನು ಓದಿ ಉಲ್ಲೇಖಿಸಿದವರು ಇರುತ್ತಾರೆ. ಡಿಸ್ಪೇಸ್‌ನಲ್ಲಿ ಹೊಸ ಆವೃತ್ತಿ ಮಾಡುವ ಆಯ್ಕೆ ಇದೆ. ಎರಡನೆಯದಕ್ಕೆ ಹ್ಯಾಂಡಲಿನ ಕೊನೆಯಲ್ಲಿ .2 ಸೇರುತ್ತದೆ, ಎರಡೂ ಉಳಿಯುತ್ತವೆ. ಝೆನೋಡೊದಲ್ಲಿ ಪ್ರತಿ ಆವೃತ್ತಿಗೂ ಒಂದೊಂದು ಡಿಒಐ, ಎಲ್ಲಕ್ಕೂ ಸೇರಿ ಇನ್ನೊಂದು.

ಯಾರಿಗೆ ತೆರೆಯಬೇಕು

ಕೃತಿ ಕೈಗೆ ಬಂದ ದಿನವೇ ಒಂದು ಚಿಕ್ಕ ಫಾರಂ ತುಂಬಿಸಿಕೊಳ್ಳಿ. ಪ್ರವೇಶಕ್ಕೆ ನಾಲ್ಕು ಬಗೆ ಸಾಕು: ಎಲ್ಲರಿಗೂ ತೆರೆದದ್ದು, ಇಂಥ ದಿನದ ತನಕ ಮುಚ್ಚಿದ್ದು, ಕೆಲವರಿಗೆ ಮಾತ್ರ, ಮಾಹಿತಿ ಮಾತ್ರ. ಯಾವುದು, ಯಾಕೆ, ಯಾರು ಹೇಳಿದ್ದು, ಈ ಮೂರನ್ನು ಬರೆಸಿ ಸಹಿ ಹಾಕಿಸಿ. ಬೇರೇನೂ ಹೇಳದಿದ್ದರೆ ತೆರೆದದ್ದೇ ಎಂದು ಇಟ್ಟುಕೊಳ್ಳಿ. ಮುಚ್ಚಲು ಕಾರಣ ಬೇಕು, ತೆರೆಯಲು ಬೇಡ.

ಎಂಬಾರ್ಗೊ ಎಂದರೆ ಒಂದು ದಿನಾಂಕದ ತನಕ ಮುಚ್ಚಿಡುವುದು. 'ಪುಸ್ತಕ ಬರುವ ತನಕ' ಎಂದು ಬರೆದರೆ ಒಪ್ಪಬೇಡಿ. ಪುಸ್ತಕ ಬರದೇ ಹೋದರೆ? ದಿನಾಂಕವನ್ನೇ ಕೇಳಿ. ಪೇಟೆಂಟ್‌ಗೆ ಅರ್ಜಿ ಹಾಕಲಿರುವವರ ವಿಷಯದಲ್ಲಿ ಸಾರಾಂಶವನ್ನೂ ನೋಡಿ. ಅಡಿಕೆ ಹಾಳೆಯಿಂದ ಏನೋ ಹೊಸ ವಸ್ತು ಮಾಡುವ ವಿಧಾನ ಇದೆ, ಫೈಲ್ ಮುಚ್ಚಿದ್ದೀರಿ, ಆದರೆ ಸಾರಾಂಶದಲ್ಲಿ ಆ ವಿಧಾನ ಪೂರ್ತಿ ಇದೆ ಎಂದರೆ ಗುಟ್ಟು ಬಯಲಾಯಿತು. ಅರ್ಜಿ ಹಾಕುವ ತನಕ ಸಾರಾಂಶ ಎರಡು ಸಾಲಿಗೆ ನಿಲ್ಲಲಿ.

ಡಿಸ್ಪೇಸ್‌ನಲ್ಲಿ ಎಂಬಾರ್ಗೊ ಹಾಕುವಾಗ ಬಹಳ ಜನ ಎಡವುವ ಜಾಗ ಹೇಳುತ್ತೇನೆ, ಇದನ್ನು ನಿಧಾನವಾಗಿ ಓದಿ. ಐಟಂ ತಿದ್ದುವ ಪುಟದಲ್ಲಿ ಅನುಮತಿಗಳ ಟ್ಯಾಬ್ ತೆರೆದು, ಒರಿಜಿನಲ್ ಎಂಬ ಬಂಡಲಿನ (ಫೈಲುಗಳ ಕಟ್ಟಿನ) ಕೆಳಗೆ ನಿಮ್ಮ ಫೈಲ್ ಹುಡುಕಿ. ಅಲ್ಲಿ ಅನಾನಿಮಸ್ ಗುಂಪಿಗೆ ರೀಡ್ ಅನುಮತಿ ಎಂದು ಒಂದು ಸಾಲು ಮೊದಲೇ ಇರುತ್ತದೆ. ಅನಾನಿಮಸ್ ಎಂದರೆ ಲೋಕದ ಯಾರು ಬೇಕಾದರೂ. ಎಂಬಾರ್ಗೊ ಹಾಕುವವರು ಕೆಳಗೆ ಹೊಸದೊಂದು ಸಾಲು ಸೇರಿಸಿ ಅದಕ್ಕೆ ಶುರುವಾಗುವ ದಿನಾಂಕ ಕೊಡುತ್ತಾರೆ. ಮೇಲಿನ ಹಳೆಯ ಸಾಲು ಹಾಗೆಯೇ ಉಳಿಯುತ್ತದೆ. ಅದಕ್ಕೆ ದಿನಾಂಕ ಇಲ್ಲ, ಆದ್ದರಿಂದ ಫೈಲ್ ಈಗಲೂ ತೆರೆದೇ ಇರುತ್ತದೆ. ಹಾಕಿದವರಿಗೆ ಎಂಬಾರ್ಗೊ ಹಾಕಿದ್ದೇನೆ ಎಂಬ ಸಮಾಧಾನ, ಫೈಲ್ ಮಾತ್ರ ಗೂಗಲ್ಲಿನಲ್ಲಿ. ಹಳೆಯ ಸಾಲನ್ನೇ ತಿದ್ದಿ ದಿನಾಂಕ ಕೊಡಿ, ಇಲ್ಲವೇ ಅದನ್ನು ಅಳಿಸಿ. ಆ ದಿನ ಬಂದಾಗ ಫೈಲ್ ತಾನಾಗಿಯೇ ತೆರೆದುಕೊಳ್ಳುತ್ತದೆ.

ಇನ್ನೊಂದು ಕಡೆಯಿಂದಲೂ ಸೋರುತ್ತದೆ. ಹುಡುಕಾಟಕ್ಕೆಂದು ಡಿಸ್ಪೇಸ್ ಪಿಡಿಎಫ್ ಒಳಗಿನ ಅಕ್ಷರಗಳನ್ನು ತೆಗೆದು ಟೆಕ್ಸ್ಟ್ ಎಂಬ ಬೇರೆ ಬಂಡಲಿನಲ್ಲಿ ಇಡುತ್ತದೆ. ಮೊದಲ ಪುಟದ ಚಿಕ್ಕ ಚಿತ್ರವೂ ಇರುತ್ತದೆ. ಫೈಲನ್ನು ಆಮೇಲೆ ಮುಚ್ಚಿದರೆ ಇವುಗಳ ಅನುಮತಿಯನ್ನೂ ಬೇರೆಯಾಗಿ ನೋಡಬೇಕು. ಎಲ್ಲ ಮುಗಿದ ಮೇಲೆ ಲಾಗೌಟ್ ಮಾಡಿ, ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಅದೇ ಪುಟ ತೆರೆದು ನೋಡಿ. ಒಳಗಿನ ಒಂದು ಅಪರೂಪದ ಪದ ಹುಡುಕಿ, ಫಲಿತಾಂಶದಲ್ಲಿ ಮುಚ್ಚಿದ ಫೈಲಿನ ಸಾಲುಗಳು ಕಾಣುತ್ತವೆಯೇ ಎಂದೂ ಪರೀಕ್ಷಿಸಿ. ಅಡ್ಮಿನ್ ಆಗಿ ಲಾಗಿನ್ ಇದ್ದುಕೊಂಡು ನೋಡಿದರೆ ಎಲ್ಲವೂ ಕಾಣುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ.

ಮುಚ್ಚಿದ ಫೈಲಿನ ಪಕ್ಕದಲ್ಲಿ 'ಪ್ರತಿ ಕೇಳಿ' ಎಂಬ ಗುಂಡಿ ಇಡಬಹುದು. ಓದುಗ ಕೇಳಿದರೆ ಮೇಲ್ ಹೋಗುತ್ತದೆ, ಒಪ್ಪಿಗೆ ಕೊಟ್ಟರೆ ಅವರಿಗೆ ಮಾತ್ರ ಪ್ರತಿ ಸಿಗುತ್ತದೆ. ಈ ಮೇಲ್ ಕಾಲೇಜು ಬಿಟ್ಟು ಹೋದ ವಿದ್ಯಾರ್ಥಿಯ ಹಳೆಯ ಐಡಿಗೆ ಹೋಗದ ಹಾಗೆ ನೋಡಿಕೊಳ್ಳಿ. ಗ್ರಂಥಾಲಯದ ಐಡಿಗೂ ಬರಲಿ.

ಮನೆ ಹೆಸರಿನ ವಿಷಯ

ನಮ್ಮ ಜಿಲ್ಲೆಯಲ್ಲಿ ಸಂಶೋಧನೆ ಎಂದರೆ ಎಂಡೋಸಲ್ಫಾನ್ ವಿಷಯ ಬಂದೇ ಬರುತ್ತದೆ. ಗೇರು ತೋಟಗಳಿಗೆ ಆಕಾಶದಿಂದ ವಿಷ ಸಿಂಪಡಿಸಿದ್ದು 2000ದಲ್ಲಿ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ಅದನ್ನು ನಿಲ್ಲಿಸಿತು. ಆದರೆ ಎಣ್ಮಕಜೆಯಂಥ ಪಂಚಾಯತುಗಳಲ್ಲಿ ಮನೆಮನೆಗೆ ಹೋಗಿ ಮಾತಾಡಿಸುವ ಅಧ್ಯಯನಗಳು ಇವತ್ತೂ ನಡೆಯುತ್ತಿವೆ. ಆ ರೆಕಾರ್ಡಿಂಗುಗಳು ರಿಪಾಸಿಟರಿಗೆ ಬಂದಾಗ ನನ್ನ ಕೈ ನಿಧಾನವಾಗುತ್ತದೆ. ಅಲ್ಲಿ ಒಬ್ಬ ತಾಯಿ ತನ್ನ ಮಗುವಿನ ಬಗ್ಗೆ ಮಾತಾಡಿರುತ್ತಾಳೆ.

ಇಂಥದ್ದು ಬಂದರೆ ನಾನು ಮೊದಲು ಫೈಲಿನ ಹೆಸರು ನೋಡುತ್ತೇನೆ. ವಿದ್ಯಾರ್ಥಿಗಳು ತಮ್ಮ ಅನುಕೂಲಕ್ಕೆ ಊರು, ಮನೆ ಹೆಸರು, ದಿನಾಂಕ ಸೇರಿಸಿ ಫೈಲಿಗೆ ಹೆಸರಿಟ್ಟಿರುತ್ತಾರೆ. ನಮ್ಮಲ್ಲಿ ಮನೆ ಹೆಸರು ಗೊತ್ತಾದರೆ ಕುಟುಂಬ ಗೊತ್ತಾದ ಹಾಗೆಯೇ. ಡಿಸ್ಪೇಸ್ ಫೈಲಿಗೆ ಬೀಗ ಹಾಕಿದರೂ ಪುಟದಲ್ಲಿ ಫೈಲಿನ ಹೆಸರನ್ನು ಬೀಗದ ಚಿತ್ರದ ಜೊತೆ ತೋರಿಸುತ್ತದೆ! ಒಳಗಿನ ಮಾತು ಭದ್ರ, ಹೆಸರು ಬೀದಿಗೆ. 'ಟೀಚರೇ, ಫೈಲ್ ಲಾಕ್ ಇದೆಯಲ್ಲ, ಮತ್ತೇನು?' ಎಂದು ಕೇಳುವವರಿಗೆ ನಾನು ಆ ಪುಟವನ್ನೇ ಲಾಗೌಟ್ ಮಾಡಿ ತೋರಿಸುತ್ತೇನೆ. ಹಾಗಾಗಿ ಅಪ್‌ಲೋಡಿಗೆ ಮೊದಲೇ ಹೆಸರು ಬದಲಿಸಿ 'ಸಂದರ್ಶನ 07' ಎಂದಿಡಿ. ಯಾವ ಸಂಖ್ಯೆ ಯಾವ ಮನೆ ಎಂಬ ಪಟ್ಟಿ ರಿಪಾಸಿಟರಿಗೆ ಬರಲೇಬಾರದು, ಅದು ಗೈಡಿನ ಬಳಿ ಬೇರೆಯಾಗಿ ಇರಲಿ.

ಆಮೇಲೆ ಒಂದೇ ಐಟಂ ಒಳಗೆ ಫೈಲುಗಳನ್ನು ಬೇರ್ಪಡಿಸಿ. ಹೆಸರು, ಊರು ತೆಗೆದ ಬರಹರೂಪ ಎಲ್ಲರಿಗೂ ತೆರೆಯಬಹುದು, ಒಪ್ಪಿಗೆ ಇದ್ದರೆ. ಮೂಲ ಧ್ವನಿ ಒಂದು ಗುಂಪಿಗೆ ಮಾತ್ರ, ಧ್ವನಿಯಿಂದಲೇ ಗುರುತು ಸಿಗುತ್ತದೆ. ಸಹಿ ಇರುವ ಒಪ್ಪಿಗೆ ಪತ್ರ ಅಡ್ಮಿನ್ ಬಿಟ್ಟು ಯಾರಿಗೂ ಇಲ್ಲ, ಇನ್ನೂ ಒಳ್ಳೆಯದು ಅದನ್ನು ಕಪಾಟಿನಲ್ಲೇ ಇಡುವುದು. ಫೋಟೋಗಳಿದ್ದರೆ ಫೋನು ಸೇರಿಸಿದ ಜಿಪಿಎಸ್ ಮಾಹಿತಿ ಅಳಿಸಿ. ಇಂಥ ಫೈಲು ಜಾಸ್ತಿ ಬರುವುದಾದರೆ ಅವಕ್ಕೇ ಬೇರೆ ಕಲೆಕ್ಷನ್ ಮಾಡಿ, ಅದರ ಡಿಫಾಲ್ಟ್ ಅನುಮತಿಯಿಂದ ಅನಾನಿಮಸ್ ಅನ್ನು ತೆಗೆದುಬಿಡಿ. ಆಗ ಯಾರೇ ಅಪ್‌ಲೋಡ್ ಮಾಡಿದರೂ ಫೈಲ್ ಮುಚ್ಚಿಯೇ ಬರುತ್ತದೆ.

ಪಾಡ್ದನ (ತುಳುವಿನ ಹಾಡುಗಥೆ) ಹೇಳಿದ ಅಜ್ಜಿಯ ವಿಷಯವೂ ಹೀಗೆಯೇ. 'ಮಕ್ಕಳು ಕಲಿಯುವುದಕ್ಕೆ ಆದೀತು' ಎಂದು ಅವರು ಹೇಳಿದ್ದರೆ ಅದು ಕಲಿಯುವವರಿಗೆ ಕೊಟ್ಟ ಒಪ್ಪಿಗೆ. ಅದನ್ನು ಎತ್ತಿ ಯೂಟ್ಯೂಬಿಗೆ ಹಾಕುವಷ್ಟು ಸಡಿಲ ಮಾಡುವ ಅಧಿಕಾರ ನಮಗಿಲ್ಲ. ಕ್ಯಾಂಪಸ್ ಲಾಗಿನ್ ಇರುವವರಿಗೆ ಮಾತ್ರ ಎಂದು ಇಡಿ, ಅವರ ಮಾತನ್ನು ಹಕ್ಕುಗಳ ಸಾಲಿನಲ್ಲಿ ಹಾಗೆಯೇ ಬರೆಯಿರಿ.

ಹಳೆಯ ಬರಹಗಳಿಗೆ ಹಕ್ಕಿನ ಲೆಕ್ಕ ಬೇರೆ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದ ಶುರುವಿನಿಂದ 60 ವರ್ಷ ಎಣಿಸಬೇಕು. ಮಂಜೇಶ್ವರದ ಗೋವಿಂದ ಪೈಗಳು ಹೋದದ್ದು 1963ರಲ್ಲಿ. ಅವರ ಕಾಲದಲ್ಲೇ ಅಚ್ಚಾದ ಬರಹಗಳ ಹಕ್ಕು 2023ರ ಕೊನೆಗೆ ಮುಗಿಯಿತು, ಅವುಗಳ ಸ್ಕ್ಯಾನನ್ನು ಧೈರ್ಯವಾಗಿ ತೆರೆದಿಡಬಹುದು. ಅವರ ನಂತರ ಮೊದಲ ಸಲ ಅಚ್ಚಾದದ್ದಕ್ಕೆ ಪ್ರಕಟವಾದ ವರ್ಷದಿಂದ ಲೆಕ್ಕ. ಈಚಿನ ಸಂಪಾದಕರ ಮುನ್ನುಡಿ, ಟಿಪ್ಪಣಿಗಳ ಹಕ್ಕು ಆ ಸಂಪಾದಕರದು. ಕಯ್ಯಾರ ಕಿಞ್ಞಣ್ಣ ರೈಗಳು 2015ರಲ್ಲಿ ತೀರಿಕೊಂಡರು, ಅವರ ಬರಹಕ್ಕೆ 2075ರ ಕೊನೆಯ ತನಕ ಹಕ್ಕುದಾರರ ಅನುಮತಿ ಬೇಕು.

ಹೆಸರುಗಳು, ಊರುಗಳು

ಇಲ್ಲಿ ಒಬ್ಬರ ಹೆಸರನ್ನು ಕನ್ನಡದಲ್ಲಿ ಒಂದು ರೀತಿ, ಮಲಯಾಳಂನಲ್ಲಿ ಇನ್ನೊಂದು, ಇಂಗ್ಲಿಷಿನಲ್ಲಿ ಮೂರು ರೀತಿ ಬರೆಯುತ್ತಾರೆ. ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಇದಕ್ಕೆ ಸಂಶೋಧಕರಿಗೆಂದೇ ಇರುವ ಓರ್ಕಿಡ್ ಐಡಿ ಮಾಡಿಸಿ. 2012ರಿಂದ ಇರುವ ಉಚಿತ ವ್ಯವಸ್ಥೆ ಅದು, 16 ಅಕ್ಷರದ ಗುರುತು, ಕೊನೆಯದ್ದು ಕೆಲವೊಮ್ಮೆ ಎಕ್ಸ್ ಇರುತ್ತದೆ. ಅದನ್ನು ಅವರವರೇ ಮಾಡಿಕೊಳ್ಳಬೇಕು, ಗ್ರಂಥಪಾಲಕರು ಎಲ್ಲರ ಪರವಾಗಿ ಮಾಡಬಾರದು. ಪಕ್ಕದಲ್ಲಿ ಕೂತು ಹೇಳಿಕೊಡಿ. ಬೇರೆ ಬೇರೆ ಲಿಪಿಯಲ್ಲಿರುವ ಹೆಸರನ್ನೂ ಅದರಲ್ಲಿ ಸೇರಿಸಲು ಹೇಳಿ. ಕಾಲೇಜಿನ ಮೇಲ್ ಜೊತೆಗೆ ಸ್ವಂತ ಮೇಲ್ ಕೊಡಲಿ, ಇಲ್ಲದಿದ್ದರೆ ಕೆಲಸ ಬಿಟ್ಟ ದಿನ ಖಾತೆಗೆ ಹೋಗಲು ದಾರಿ ಇರುವುದಿಲ್ಲ.

ಕನ್ನಡದಲ್ಲಿ ಮಾಹಿತಿ ತುಂಬುವಾಗ ಯುನಿಕೋಡ್ ಮಾತ್ರ. ಹಳೆಯ ನುಡಿ, ಬರಹ ಫಾಂಟಿನ ಪ್ರಬಂಧದಿಂದ ಶೀರ್ಷಿಕೆ ನಕಲು ಮಾಡಿದರೆ ಬರೀ ಗೊಂದಲದ ಅಕ್ಷರ ಬರುತ್ತದೆ, ಕೂತು ಟೈಪ್ ಮಾಡಿ. ಕಣ್ಣಿಗೆ ಕಾಣದ ಇನ್ನೊಂದು ಕಾಟ ಇದೆ. ಅರ್ಧಾಕ್ಷರ ಬಿಡಿಸಿ ತೋರಿಸಲು ಕೆಲವು ಕೀಬೋರ್ಡುಗಳು ನಡುವೆ ಒಂದು ಕಾಣದ ಚಿಹ್ನೆ ಸೇರಿಸುತ್ತವೆ. 'ಎಂಡೋಸಲ್ಫಾನ್' ಎಂಬ ವಿಷಯಪದ ಪಟ್ಟಿಯಲ್ಲಿ ಎರಡು ಸಲ ಬಂದಿದ್ದರೆ, ನೋಡಲು ಒಂದೇ ಥರ ಇದ್ದರೆ, ಒಂದರ ಬಾಲದಲ್ಲಿ ಆ ಚಿಹ್ನೆ ಇದೆ ಎಂದರ್ಥ. ಲೇಖಕರ ಹೆಸರಲ್ಲೂ ಹೀಗಾಗುತ್ತದೆ, ಒಬ್ಬರು ಇಬ್ಬರಾಗುತ್ತಾರೆ. ಒಂದನ್ನು ಅಳಿಸಿ ಪಟ್ಟಿಯಿಂದಲೇ ಆರಿಸುವ ಅಭ್ಯಾಸ ಮಾಡಿಸಿ.

ಊರಿನ ಹೆಸರನ್ನು ಇರುವ ಎಲ್ಲ ರೂಪದಲ್ಲೂ ಕೊಡಿ. ಹೊಸದುರ್ಗ ಎಂದು ಹುಡುಕುವವರಿಗೂ ಕಾಞಂಗಾಡ್ ಎಂದು ಹುಡುಕುವವರಿಗೂ ಅದೇ ಪುಟ ಸಿಗಬೇಕು. 1956ಕ್ಕೆ ಮೊದಲಿನ ವಿಷಯವಾದರೆ ದಕ್ಷಿಣ ಕನ್ನಡ ಎಂದೂ ಸೇರಿಸಿ, ಆಗ ನಾವು ಆ ಜಿಲ್ಲೆಯಲ್ಲಿದ್ದೆವು.

ಆಮೇಲಿನ ಕೆಲಸ

ಡಿಲೀಟ್ ಗುಂಡಿಯನ್ನು ಮರೆತುಬಿಡಿ. ಯಾರಾದರೂ ಕೃತಿ ತೆಗೆಯಿರಿ ಎಂದರೆ, ಕಾರಣ ಸರಿಯಿದ್ದರೆ, ವಿತ್‌ಡ್ರಾ ಎಂಬುದನ್ನು ಬಳಸಿ. ಆಗ ಹ್ಯಾಂಡಲ್ ಬದುಕಿರುತ್ತದೆ, ಒತ್ತಿದವರಿಗೆ 'ಇದನ್ನು ಹಿಂತೆಗೆಯಲಾಗಿದೆ' ಎಂಬ ಪುಟ ಕಾಣುತ್ತದೆ. ಡಿಲೀಟ್ ಮಾಡಿದರೆ ಹೀಗೊಂದು ಕೃತಿ ಇತ್ತು ಎಂಬುದಕ್ಕೆ ಕುರುಹೇ ಉಳಿಯುವುದಿಲ್ಲ.

ಪ್ರತಿ ಪುಟದಲ್ಲೂ 'ಉಲ್ಲೇಖಿಸಲು ಈ ಲಿಂಕ್ ಬಳಸಿ' ಎಂದು ಹ್ಯಾಂಡಲಿನ ಪಕ್ಕ ಕನ್ನಡದಲ್ಲೇ ಬರೆಯಿರಿ. ಬ್ರೌಸರಿನ ಮೇಲೆ ಕಾಣುವ ಉದ್ದದ ವಿಳಾಸ ಬೇಡ ಎಂದು ಎಂಎ ಮೊದಲ ವರ್ಷದಲ್ಲೇ ಹೇಳಿಕೊಡಿ. ಪರೀಕ್ಷೆ ಮುಗಿದು ಗ್ರಂಥಾಲಯ ಖಾಲಿಯಾಗುವ ಏಪ್ರಿಲ್, ಮೇ ಹೊತ್ತಿಗೆ ವರ್ಷಕ್ಕೊಮ್ಮೆ ಕೆಲವು ಹ್ಯಾಂಡಲ್‌ಗಳನ್ನು ಹೊರಗಿನ ನೆಟ್‌ನಿಂದ, ನಿಮ್ಮ ಮೊಬೈಲಿನಿಂದಲೇ, ಒತ್ತಿ ನೋಡಿ. ಎಂಬಾರ್ಗೊ ಮುಗಿದವು ತೆರೆದಿವೆಯೇ, ಮುಚ್ಚಿದವು ಮುಚ್ಚಿಯೇ ಇವೆಯೇ ಎಂದೂ ಆಗಲೇ ನೋಡಿಬಿಡಿ.

ಬ್ಯಾಕಪ್ ಎಂದರೆ ಡೇಟಾಬೇಸು, ಫೈಲುಗಳ ಫೋಲ್ಡರು ಎಂದಷ್ಟೇ ಹೆಚ್ಚಿನವರು ತಿಳಿದಿರುತ್ತಾರೆ. ಹ್ಯಾಂಡಲ್ ಸರ್ವರಿನ ಫೋಲ್ಡರನ್ನೂ ಸೇರಿಸಿ. ಅದರೊಳಗೆ ನಿಮ್ಮ ಪ್ರಿಫಿಕ್ಸಿನ ಗುಪ್ತ ಕೀಲಿಯ ಫೈಲುಗಳಿವೆ. ಅವು ಕಳೆದುಹೋದರೆ ಪ್ರಿಫಿಕ್ಸ್ ನಿಮ್ಮದೇ ಎಂದು ತೋರಿಸಲು ಮತ್ತೆ ಪತ್ರವ್ಯವಹಾರ ಶುರು. ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಹಾಕಿ, ಲಕೋಟೆಯಲ್ಲಿ ಮುಚ್ಚಿ ಪ್ರಿನ್ಸಿಪಾಲರ ಆಫೀಸಿನ ಅಲಮಾರಿನಲ್ಲಿ ಇಡಿಸಿ, ರಿಜಿಸ್ಟರಿನಲ್ಲಿ ನಮೂದಿಸಿ. ಪ್ರಿಫಿಕ್ಸಿನ ಶುಲ್ಕ ಕಟ್ಟಲು ಬರುವ ಮೇಲ್ ನಿಮ್ಮ ಸ್ವಂತ ಐಡಿಗೆ ಬರುವಂತೆ ಇಟ್ಟಿದ್ದರೆ ಈ ವಾರವೇ ಗ್ರಂಥಾಲಯದ ಐಡಿಗೆ ಬದಲಿಸಿ. ವರ್ಗಾವಣೆ ಯಾವಾಗ ಬರುತ್ತದೋ ಹೇಳಲಾಗದು, ನಿಮ್ಮ ಕುರ್ಚಿಗೆ ಬರುವವರ ಕೈಗೆ ಆ ಮೇಲ್ ಸಿಗಬೇಕು.